ಟೆನ್ಷನ್ ಆದಾಗ ಯಾರ ಹತ್ತಿರ ಹೇಳಿಕೊಳ್ಳಲಿ? ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿವರೆಗೆ ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ. ಒಳ್ಳೆಯ ಅಂಕ ಬಂದಿತ್ತು. ಊರವರೆಲ್ಲ ಸೈನ್ಸ್ ತಗೋ ಅಂದರು. ಟ್ರಂಕು ಹೊತ್ತುಕೊಂಡು ದಾವಣಗೆರೆಯ ಒಂದು ಹಾಸ್ಟೆಲ್‌ಗೆ ಬಂದೆ. ಮೊದಲ ವಾರದ ಫಿಸಿಕ್ಸ್ ಕ್ಲಾಸಿನಲ್ಲಿ ಸರ್ ಸ್ಪೀಡ್, ವೆಲಾಸಿಟಿ ಎನ್ನುತ್ತಾ ಬೋರ್ಡ್ ತುಂಬಿಸುತ್ತಾ ಹೋದರು. ನಾನು ಜವ, ವೇಗ ಎಂದು ಕಲಿತಿದ್ದು ಇದನ್ನೇ ಎಂದು ಗೊತ್ತಾಗುವ ಹೊತ್ತಿಗೆ ಎರಡು ಪಾಠ ಮುಗಿದಿದ್ದವು.

ರಾತ್ರಿ ಮನೆಗೆ ಫೋನ್ ಮಾಡಿದರೆ ಅಮ್ಮ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ‘ಊಟ ಆಯ್ತಾ?’ ‘ಆಯ್ತು.’ ‘ಓದ್ತಿದೀಯಾ?’ ‘ಹ್ಞೂಂ.’ ಅಲ್ಲಿಗೆ ಮುಗಿಯಿತು. ನಿಜ ಏನೆಂದರೆ ಊಟ ಸೇರುತ್ತಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ. ಬಾತ್‌ರೂಮಿನ ನಲ್ಲಿ ಬಿಟ್ಟು ಅಳುತ್ತಿದ್ದೆ. ಒಬ್ಬರು ಲೆಕ್ಚರರ್ ಹತ್ತಿರ ಹೋಗಿ ಹೇಳಿದೆ. ‘ಇದೆಲ್ಲ ಎಲ್ಲರಿಗೂ ಇರತ್ತೆ, ಹೋಗಿ ಓದು’ ಅಂದರು. ಆಮೇಲೆ ಎರಡು ತಿಂಗಳು ಬಾಯಿ ಬಿಡಲಿಲ್ಲ.

ಕೊನೆಗೆ ಕೇಳಿದ್ದು ಮೆಸ್‌ನಲ್ಲಿ ಅನ್ನ ಬಡಿಸುವ ಅಕ್ಕ. ‘ಯಾಕವ್ವಾ, ಮೂರು ದಿನದಿಂದ ತಟ್ಟೇಲಿ ಹಂಗೇ ಬಿಡ್ತಿದೀಯಲ್ಲ?’ ಅಷ್ಟೇ ಕೇಳಿದ್ದು. ‘ಅಕ್ಕಾ, ನಂಗೆ ಇಲ್ಲಿ ಒಂದೂ ಅರ್ಥ ಆಗ್ತಿಲ್ಲ’ ಅಂದುಬಿಟ್ಟೆ. ಅಕ್ಕನಿಗೆ ಫಿಸಿಕ್ಸ್ ಬರುವುದಿಲ್ಲ. ಆದರೆ ಆ ಹಾಸ್ಟೆಲ್‌ನಲ್ಲಿ ಹತ್ತು ವರ್ಷ ಹುಡುಗಿಯರನ್ನು ನೋಡಿದ್ದರು. ‘ಕೆಮಿಸ್ಟ್ರಿ ಮೇಡಂ ಹತ್ರ ಹೋಗು, ಅವ್ರೂ ಹಳ್ಳಿಯಿಂದ ಬಂದೋರು’ ಅಂದರು. ಮೇಡಂ ನನ್ನ ಜೊತೆ ಒಂದು ಗಂಟೆ ಕೂತರು. ನಿದ್ದೆ ಬರುತ್ತಿಲ್ಲ ಎಂದಾಗ ಜಿಲ್ಲಾ ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು.

ಈಗ ನಾನೇ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಕ್ಕಳು ಯಾಕೆ ಸುಮ್ಮನಿರುತ್ತಾರೆ ಎಂದು ಹತ್ತಿರದಿಂದ ನೋಡಿದ್ದೇನೆ. ಎಲ್ಲವನ್ನೂ ಅರ್ಥ ಮಾಡಿಕೊಳ್ಳುವ, ದಾರಿಯನ್ನೂ ತೋರಿಸುವ, ಯಾರಿಗೂ ಹೇಳದ ಒಬ್ಬರನ್ನೇ ಅವರು ಹುಡುಕುತ್ತಿರುತ್ತಾರೆ. ಅಂಥ ಒಬ್ಬರು ಸಿಗುವುದು ಕಷ್ಟ. ನನಗೂ ಸಿಗಲಿಲ್ಲ. ನನಗೆ ಸಿಕ್ಕಿದ್ದು ಮೂವರು. ಕೇಳಿಸಿಕೊಳ್ಳಲು ಒಬ್ಬರು, ದಾರಿ ತೋರಿಸಲು ಒಬ್ಬರು, ಚಿಕಿತ್ಸೆ ಕೊಡಲು ಒಬ್ಬರು. ನೀವೂ ಹಾಗೆಯೇ ಹುಡುಕಿ. ಹೇಗೆ ಎನ್ನುವುದನ್ನು ಕೆಳಗೆ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಇದನ್ನು ನೋಡಿ

ಸಾಯಬೇಕು ಅನ್ನಿಸುತ್ತಿದೆಯಾ? ನಿಮಗೆ ನೀವೇ ಏನಾದರೂ ಮಾಡಿಕೊಂಡುಬಿಡುತ್ತೀರಿ ಎಂಬ ಭಯ ಇದೆಯಾ? ಹಾಗಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಈಗ ಒಬ್ಬರೇ ಇರಬೇಡಿ. ಪಕ್ಕದ ರೂಮಿನ ಬಾಗಿಲು ಬಡಿಯಿರಿ. ರೂಮ್‌ಮೇಟ್ ಮಲಗಿದ್ದರೆ ಎಬ್ಬಿಸಿ. ‘ನಂಗೆ ಸಾಯ್ಬೇಕು ಅನ್ನಿಸ್ತಿದೆ, ನನ್ನ ಜೊತೆ ಇರು’ ಎಂದು ಅದೇ ಮಾತಿನಲ್ಲಿ ಹೇಳಿ. ಸುತ್ತಿ ಬಳಸಿ ಹೇಳಿದರೆ ಎದುರಿನವರಿಗೆ ಗೊತ್ತಾಗುವುದಿಲ್ಲ.

14416ಕ್ಕೆ ಫೋನ್ ಮಾಡಿ. ಇದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಪ್ರಾಣಕ್ಕೆ ಅಪಾಯ ಇದೆ ಎನ್ನಿಸಿದರೆ ತುರ್ತು ನಂಬರ್ 112 ಅಥವಾ ಆಂಬುಲೆನ್ಸ್‌ಗೆ 108. ಹತ್ತಿರದ ಯಾವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೂ ಆಗುತ್ತದೆ. ಬೆಂಗಳೂರಿನಲ್ಲಿದ್ದರೆ ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ನಲ್ಲಿ ರಾತ್ರಿಯೂ ತುರ್ತು ವಿಭಾಗ ತೆರೆದಿರುತ್ತದೆ.

ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರನ್ನು ನಾನು ಕಂಡಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ಬದಲಾಯಿಸಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ನೋಡುತ್ತದೆ. ಶಿಕ್ಷೆಯಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ.

ಹೆಜ್ಜೆ 1: ‘ಟೆನ್ಷನ್’ ಎಂಬ ಪದವನ್ನು ಬಿಡಿಸಿ ಬರೆಯಿರಿ

ನಾವು ಎಲ್ಲದಕ್ಕೂ ಟೆನ್ಷನ್ ಅಂತೀವಿ. ಬಸ್ ತಪ್ಪಿದರೂ ಟೆನ್ಷನ್, ಬ್ಯಾಕ್ ಉಳಿದರೂ ಟೆನ್ಷನ್. ಅದಕ್ಕೇ ಕೇಳುವವರೂ ‘ಟೆನ್ಷನ್ ಮಾಡ್ಕೋಬೇಡ’ ಎಂದು ಹೇಳಿ ಹೋಗುತ್ತಾರೆ.

ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆಯಿರಿ. ಮೂರು ಸಾಲು ಬರೆಯಿರಿ. ಏನಾಗುತ್ತಿದೆ? ಎಷ್ಟು ದಿನದಿಂದ? ಇದರಿಂದ ಏನು ನಿಂತುಹೋಗಿದೆ? ಒಬ್ಬ ಹುಡುಗ ಬರೆದುಕೊಂಡು ಬಂದದ್ದು ಹೀಗಿತ್ತು: ‘ನೀಟ್ ಕೋಚಿಂಗ್ ಟೆಸ್ಟ್‌ನಲ್ಲಿ ಮಾರ್ಕ್ಸ್ ಇಳಿಯುತ್ತಿದೆ. ಒಂದೂವರೆ ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ. ಕ್ರಿಕೆಟ್ ಬಿಟ್ಟಿದ್ದೇನೆ, ಸ್ನೇಹಿತರ ಮೆಸೇಜ್ ನೋಡುವುದಿಲ್ಲ.’ ಇದನ್ನು ಓದಿದ ಮೇಲೆ ಯಾರೂ ‘ಇದೆಲ್ಲ ಎಲ್ಲರಿಗೂ ಇರತ್ತೆ’ ಎನ್ನಲು ಆಗುವುದಿಲ್ಲ. ನಾನಂತೂ ಎನ್ನಲಿಲ್ಲ.

ಬರೆಯುವಾಗ ದಿನಗಳನ್ನು ಲೆಕ್ಕ ಹಾಕಿ. ಬೇಜಾರು, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕೂ ಮೀರಿ ಇದ್ದರೆ ಸ್ನೇಹಿತರ ಮಾತಿನ ಜೊತೆಗೆ ವೈದ್ಯರ ಮಾತೂ ಬೇಕು ಎಂದು ಇಟ್ಟುಕೊಳ್ಳಿ.

ಹೆಜ್ಜೆ 2: ನಿಮಗೆ ಈಗ ಏನು ಬೇಕು?

ಬರೀ ಕೇಳಿಸಿಕೊಳ್ಳುವವರು ಬೇಕಾ? ಸಮಸ್ಯೆಗೆ ದಾರಿ ಬೇಕಾ? ಅಥವಾ ದೇಹ, ಮನಸ್ಸು ಎರಡೂ ಸೋತಿವೆ, ಚಿಕಿತ್ಸೆ ಬೇಕಾ?

ಅಜ್ಜಿಯ ಹತ್ತಿರ ಹೋಗಿ ಬ್ರಾಂಚ್ ಬದಲಾಯಿಸಲಾ ಎಂದು ಕೇಳಿದರೆ ಅವರು ಏನು ಹೇಳಿಯಾರು? ಆದರೆ ಅಜ್ಜಿಯ ಮಡಿಲಲ್ಲಿ ತಲೆ ಇಟ್ಟು ಅತ್ತರೆ ಯಾಕೆ ಏನು ಎಂದು ಕೇಳದೆ ತಲೆ ಸವರುತ್ತಾರೆ. ಅದೇ ಪ್ರಿನ್ಸಿಪಾಲರ ಮುಂದೆ ಅತ್ತರೆ ಅವರಿಗೆ ಮುಜುಗರ. ಆದರೆ ಫೀಸ್ ಕಟ್ಟಲು ಎರಡು ತಿಂಗಳು ಟೈಮ್ ಬೇಕು ಎಂದರೆ ಅವರ ಕೈಯಲ್ಲಿ ಅದು ಇದೆ. ಯಾರಿಂದ ಏನು ಸಿಗುತ್ತದೆ ಎಂದು ನೋಡಿಕೊಂಡು ಹೋಗಿ.

ಹೆಜ್ಜೆ 3: ನಿಮ್ಮ ಸುತ್ತ ಇರುವವರ ಪಟ್ಟಿ ಮಾಡಿ

ಐದು ಹೆಸರು ಬರೆಯಿರಿ. ‘ನಂಗೆ ಯಾರೂ ಇಲ್ಲ’ ಎಂದೇ ಎಲ್ಲರೂ ಶುರು ಮಾಡುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬೆಸ್ಟ್ ಫ್ರೆಂಡ್ ಮಾತ್ರ ಲೆಕ್ಕಕ್ಕೆ ಬರುತ್ತಾರೆ ಎಂದುಕೊಂಡರೆ ಹಾಗೇ ಅನ್ನಿಸುತ್ತದೆ. ಲೈಬ್ರರಿಯಲ್ಲಿ ಪುಸ್ತಕ ಕೊಡುವವರು, ಬಿಸಿಎಂ ಹಾಸ್ಟೆಲ್‌ನ ವಾರ್ಡನ್, ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಪರಿಚಯವಾದ ಸರ್, ಹೈಸ್ಕೂಲಿನ ಕನ್ನಡ ಮೇಷ್ಟ್ರು, ಒಂದು ವರ್ಷ ಮುಂದಿರುವ ಸೀನಿಯರ್, ಪಿಜಿಯ ಓನರ್ ಆಂಟಿ. ಇವರೂ ಲೆಕ್ಕಕ್ಕೆ ಬರುತ್ತಾರೆ.

ಪ್ರತಿ ಹೆಸರಿನ ಮುಂದೆ ಎರಡು ವಿಷಯ ನೋಡಿ. ಬೇರೆಯವರ ಗುಟ್ಟನ್ನು ಇವರು ನಿಮ್ಮ ಮುಂದೆ ಹೇಳಿದ್ದಾರಾ? ಹೇಳಿದ್ದರೆ ನಿಮ್ಮದನ್ನೂ ಹೇಳುತ್ತಾರೆ, ಬಿಟ್ಟುಬಿಡಿ. ನಿಮ್ಮ ಮಾರ್ಕ್ಸ್‌ನಿಂದ ಇವರಿಗೆ ಏನಾದರೂ ಆಗಬೇಕಾ? ಏನೂ ಆಗಬೇಕಿಲ್ಲದವರ ಜೊತೆ ಮೊದಲ ಮಾತು ಸುಲಭ.

ಹೆಜ್ಜೆ 4: ಮನೆಯಲ್ಲಿ ಹೇಳುವುದು

ಇದೇ ಎಲ್ಲಕ್ಕಿಂತ ಕಷ್ಟ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಅಪ್ಪ ಬಡ್ಡಿಗೆ ಸಾಲ ತಂದು ಫೀಸ್ ಕಟ್ಟಿದ್ದಾರೆ. ಅಮ್ಮ ಬಳೆ ಅಡ ಇಟ್ಟಿದ್ದಾರೆ. ಇಂಥ ಮನೆಗೆ ಫೋನ್ ಮಾಡಿ ‘ನಂಗೆ ಓದೋಕೆ ಆಗ್ತಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಗೊತ್ತು. ಆದರೆ ಮಕ್ಕಳು ಊಹಿಸಿಕೊಂಡಿರುವ ಅಪ್ಪ ಅಮ್ಮನೇ ಬೇರೆ, ವಿಷಯ ಗೊತ್ತಾದಾಗ ಕಾಲೇಜಿಗೆ ಓಡಿಬರುವ ಅಪ್ಪ ಅಮ್ಮನೇ ಬೇರೆ. ನಮ್ಮ ಸ್ಟಾಫ್ ರೂಮಿಗೆ ಬರುವ ಹೆಚ್ಚಿನ ತಂದೆತಾಯಿ ಕೇಳುವುದು ‘ನಮಗ್ಯಾಕೆ ಮೊದಲೇ ಹೇಳ್ಲಿಲ್ಲ ಮೇಡಂ’ ಎಂದೇ.

ಎಲ್ಲ ಮನೆಗಳೂ ಹೀಗಲ್ಲ, ಅದೂ ನಿಜ. ಹೊಡೆಯುವ ಮನೆಗಳಿವೆ. ಹೇಳಿದ ಕೂಡಲೇ ಓದು ಬಿಡಿಸಿ ಮದುವೆ ಮಾತು ತೆಗೆಯುವ ಮನೆಗಳಿವೆ. ಅಂಥ ಕಡೆ ಮನೆಯಿಂದ ಶುರು ಮಾಡಬೇಡಿ. 18 ವರ್ಷ ತುಂಬದವರು ಮನೆಯಲ್ಲೇ ಕಷ್ಟದಲ್ಲಿದ್ದರೆ, ಬಾಲ್ಯವಿವಾಹದ ಒತ್ತಾಯ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಉಳಿದವರು ಒಳ್ಳೆಯ ಹೊತ್ತು ನೋಡಿಕೊಳ್ಳಿ. ಎದುರೆದುರು ಕೂತು ‘ನಿಮ್ಮ ಹತ್ರ ಮಾತಾಡ್ಬೇಕು’ ಎಂದರೆ ಮನೆಯವರ ಎದೆ ಝಲ್ ಎನ್ನುತ್ತದೆ. ಅಮ್ಮನ ಜೊತೆ ಅವರೆಕಾಯಿ ಸುಲಿಯುವಾಗ, ಅಪ್ಪನ ಬೈಕಿನ ಹಿಂದೆ ಕೂತಾಗ, ಸಂಜೆ ತೋಟಕ್ಕೆ ನೀರು ಬಿಡಲು ಹೋದಾಗ ಹೇಳಿ. ಕೈಗೆ ಕೆಲಸ ಇರುತ್ತದೆ, ಮುಖ ನೋಡಬೇಕಾಗಿಲ್ಲ, ಮಾತು ತಾನಾಗಿ ಬರುತ್ತದೆ. ದೂರದ ಹಾಸ್ಟೆಲ್‌ನಲ್ಲಿದ್ದರೆ ಸ್ಪೀಕರ್ ಆನ್ ಮಾಡಿ ಎಲ್ಲರೂ ಕೂತಿರುವ ಹೊತ್ತು ಬೇಡ. ಒಬ್ಬರಿಗೆ ಮಾತ್ರ ಮಾಡಿ.

ಮೊದಲ ಮಾತು ಹೀಗಿರಲಿ: ‘ಅಮ್ಮಾ, ಒಂದು ವಿಷ್ಯ ಹೇಳ್ತೀನಿ. ಬೈಬೇಡ, ಈಗ್ಲೇ ಏನೂ ಹೇಳ್ಲೂಬೇಡ. ಪೂರ್ತಿ ಕೇಳು.’ ಆಮೇಲೆ ನೀವು ಬರೆದಿಟ್ಟ ಮೂರು ಸಾಲು. ಕೊನೆಗೆ ಅವರಿಂದ ಏನು ಬೇಕು ಎಂದು ಕೇಳಿ. ‘ಈ ಶನಿವಾರ ಬಂದುಹೋಗು.’ ‘ಡಾಕ್ಟರ್ ಹತ್ರ ನನ್ನ ಜೊತೆ ಬಾ.’ ‘ಎರಡು ವಾರ ಮಾರ್ಕ್ಸ್ ಕೇಳ್ಬೇಡ.’ ಏನು ಮಾಡಬೇಕು ಎಂದು ಗೊತ್ತಾಗದಿದ್ದಾಗಲೇ ದೊಡ್ಡವರು ಬೈಯುವುದು. ಮಾಡಲು ಒಂದು ಕೆಲಸ ಕೊಡಿ.

ಅಪ್ಪ ಅಮ್ಮನಿಗೆ ನೇರವಾಗಿ ಆಗದಿದ್ದರೆ ನಡುವೆ ಒಬ್ಬರನ್ನು ಇಟ್ಟುಕೊಳ್ಳಿ. ಸೋದರಮಾವ, ಚಿಕ್ಕಮ್ಮ, ದೊಡ್ಡಪ್ಪನ ಮಗಳು. ನಮ್ಮ ಮನೆಗಳಲ್ಲಿ ಮದುವೆ ಮಾತುಕತೆಯಿಂದ ಜಮೀನು ಪಾಲಿನವರೆಗೆ ಎಲ್ಲವೂ ಹೀಗೆ ನಡುವಿನವರಿಂದಲೇ ನಡೆಯುತ್ತದಲ್ಲ, ಇದೂ ನಡೆಯಲಿ.

ಫೇಲಾದ ಸುದ್ದಿ ಹೇಳುವುದಾದರೆ ಮುಂದಿನ ದಾರಿಯನ್ನೂ ತಿಳಿದುಕೊಂಡು ಹೇಳಿ. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಪರೀಕ್ಷೆ-1ರಲ್ಲಿ ಹೋದದ್ದನ್ನು ಪರೀಕ್ಷೆ-2ರಲ್ಲಿ ಪಡೆಯಬಹುದು. ಅಪ್ಪನಿಗೆ ಇದು ಗೊತ್ತಿಲ್ಲದಿರಬಹುದು. ‘ವರ್ಷ ಹೋಯ್ತು’ ಎಂದುಕೊಂಡೇ ಅವರು ಕೂಗಾಡುತ್ತಿರಬಹುದು.

ಹೆಜ್ಜೆ 5: ಸ್ನೇಹಿತರ ಹತ್ತಿರ

ಒಬ್ಬರನ್ನೇ ಕರೆದುಕೊಂಡು ಹೋಗಿ ಹೇಳಿ. ಗುಂಪಿನಲ್ಲಿ ಬೇಡ, ವಾಟ್ಸಾಪ್ ಗ್ರೂಪಿನಲ್ಲಿ ಬೇಡವೇ ಬೇಡ. ‘ಟೀ ಕುಡಿಯೋಕೆ ಹೋಗೋಣ ಬಾ, ಒಂದು ಅರ್ಧ ಗಂಟೆ ಬೇಕು’ ಎಂದರೆ ಸಾಕು. ಪರೀಕ್ಷೆಯ ಹಿಂದಿನ ರಾತ್ರಿ ಸ್ನೇಹಿತರೂ ಒದ್ದಾಡುತ್ತಿರುತ್ತಾರೆ, ಅದನ್ನು ನೋಡಿಕೊಳ್ಳಿ.

ಮೊಬೈಲ್ ಬಗ್ಗೆ ಒಂದು ಮಾತು. ಇನ್‌ಸ್ಟಾಗ್ರಾಂನಲ್ಲಿ ಗುರುತಿಲ್ಲದವರು ತುಂಬಾ ಅಕ್ಕರೆಯಿಂದ ಕೇಳಿಸಿಕೊಂಡರು ಎಂದು ಫೋಟೊ, ಗುಟ್ಟು ಎಲ್ಲ ಕೊಟ್ಟು ಆಮೇಲೆ ಸಿಕ್ಕಿಬಿದ್ದ ಮಕ್ಕಳಿದ್ದಾರೆ. ಎಐ ಆ್ಯಪ್ ಜೊತೆ ಮಾತಾಡುವವರೂ ಈಗ ಜಾಸ್ತಿ. ಮನಸ್ಸಿನಲ್ಲಿರುವುದನ್ನು ಪದಗಳಲ್ಲಿ ಹಾಕಿಕೊಳ್ಳಲು ಅದು ನೆರವಾಗಬಹುದು. ಆದರೆ ಎರಡು ದಿನ ನೀವು ರೂಮಿನಿಂದ ಹೊರಗೆ ಬರದಿದ್ದರೆ ಬಂದು ಬಾಗಿಲು ತಟ್ಟಲು ಮನುಷ್ಯರೇ ಬೇಕು.

ಹೆಜ್ಜೆ 6: ಕಾಲೇಜಿನ ಆಪ್ತಸಮಾಲೋಚಕರು

ಕೌನ್ಸೆಲರ್ ಎಂದರೆ ‘ಹುಚ್ಚರಿಗೆ’ ಎಂಬ ಮಾತು ಇನ್ನೂ ಕೇಳುತ್ತೇನೆ. ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಆಪ್ತಸಮಾಲೋಚನೆ ಎಂಬ ನಮ್ಮ ಪದದಲ್ಲೇ ಆಪ್ತತೆ ಇದೆ. ಕೂತು, ಕೇಳಿ, ಜೊತೆಗೆ ಯೋಚಿಸುವುದು, ಅಷ್ಟೇ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಸಂಪರ್ಕ ಇಟ್ಟುಕೊಂಡಿರಬೇಕು. ಕೋಚಿಂಗ್ ಸೆಂಟರ್‌ಗಳಿಗೂ ಇದು ಅನ್ವಯ. ಟೆಲಿ-ಮಾನಸ್‌ನಂಥ ಸಹಾಯವಾಣಿಯ ನಂಬರನ್ನು ಹಾಸ್ಟೆಲ್, ತರಗತಿಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು. ಹಾಗಾಗಿ ಆಫೀಸಿನಲ್ಲಿ ‘ನಮ್ಮ ಕಾಲೇಜಿನ ಕೌನ್ಸೆಲರ್ ಯಾರು ಸರ್, ಯಾವ ದಿನ ಸಿಗ್ತಾರೆ?’ ಎಂದು ಕೇಳುವುದು ನಿಮ್ಮ ಹಕ್ಕು. ಒಬ್ಬರೇ ಕೇಳಲು ಸಂಕೋಚವಾದರೆ ಕ್ಲಾಸ್ ರೆಪ್ರೆಸೆಂಟೇಟಿವ್ ಕೈಯಲ್ಲಿ ಇಡೀ ತರಗತಿಯ ಪರವಾಗಿ ಕೇಳಿಸಿ.

ಮೊದಲ ಭೇಟಿಯಲ್ಲಿ ನಿಮ್ಮ ಕಥೆ ಹೇಳುವ ಮೊದಲೇ ಒಂದು ಪ್ರಶ್ನೆ ಕೇಳಿ: ‘ನಾನು ಹೇಳಿದ್ದನ್ನ ನೀವು ಯಾರಿಗೆ ಹೇಳ್ತೀರಿ?’ ಒಳ್ಳೆಯ ಆಪ್ತಸಮಾಲೋಚಕರು ಇದಕ್ಕೆ ನೇರ ಉತ್ತರ ಕೊಡುತ್ತಾರೆ. ಮಾನಸಿಕ ಆರೋಗ್ಯದ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಎಲ್ಲದಕ್ಕೂ ಗುಟ್ಟಿಲ್ಲ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಬೇಕಾದವರಿಗೆ ತಿಳಿಸುತ್ತಾರೆ. 18 ವರ್ಷದೊಳಗಿನವರ ಚಿಕಿತ್ಸೆಗೆ ಸಾಮಾನ್ಯವಾಗಿ ತಂದೆತಾಯಿಯನ್ನು ಕರೆಯುತ್ತಾರೆ. 18ರ ಒಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, ಪೋಕ್ಸೊ ಕಾಯ್ದೆಯ ಪ್ರಕಾರ ಅವರು ಪೊಲೀಸರಿಗೆ ತಿಳಿಸಲೇಬೇಕು. ನಾನೂ ತಿಳಿಸಲೇಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಗೊತ್ತಾದರೆ ಮೋಸ ಹೋದಂತೆ ಅನ್ನಿಸುತ್ತದೆ.

ರ‍್ಯಾಗಿಂಗ್ ನಡೆಯುತ್ತಿದ್ದರೆ ಅದಕ್ಕೇ ಬೇರೆ ನಂಬರ್ ಇದೆ: 1800-180-5522. ಯುಜಿಸಿಯದು.

ಹೆಜ್ಜೆ 7: ಮುಖ ತೋರಿಸದೆ ಮಾತಾಡಬೇಕು ಎನ್ನಿಸಿದರೆ

14416. ಈ ಐದು ಅಂಕಿ ಮೊಬೈಲಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ. ಸೇವ್ ಮಾಡುವಾಗ ಯಾವ ಹೆಸರಾದರೂ ಹಾಕಿ, ‘ಅಕ್ಕ’ ಎಂದು ಹಾಕಿಕೊಂಡವರೂ ಇದ್ದಾರೆ. ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿತು. ಇಡೀ ದೇಶದ ಕೇಂದ್ರಗಳಿಗೆ ಮಾರ್ಗದರ್ಶನ ಮಾಡುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಮೊದಲ ಸಲ ಫೋನ್ ಮಾಡುವಾಗ ಕೈ ನಡುಗುತ್ತದೆ. ಏನಾಗುತ್ತದೆ ಎಂದು ಗೊತ್ತಿದ್ದರೆ ಭಯ ಸ್ವಲ್ಪ ಕಡಿಮೆ. ಮೊದಲು ರೆಕಾರ್ಡ್ ಆದ ಧ್ವನಿ ಬರುತ್ತದೆ, ಭಾಷೆ ಆರಿಸಿಕೊಳ್ಳಲು ಹೇಳುತ್ತದೆ. ಕನ್ನಡ ಆರಿಸಿ. ಆಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ವಯಸ್ಸು, ಊರು ಕೇಳಬಹುದು. ಹೇಳಲು ಇಷ್ಟವಿಲ್ಲದ್ದನ್ನು ‘ಅದನ್ನ ಹೇಳೋಕೆ ಇಷ್ಟ ಇಲ್ಲ’ ಎನ್ನಿ. ಮಾತು ಹೊರಡದಿದ್ದರೆ ನೋಟ್‌ಬುಕ್ಕಿನ ಆ ಮೂರು ಸಾಲು ಓದಿಬಿಡಿ. ನಿಮ್ಮ ತೊಂದರೆಗೆ ಇನ್ನೂ ಜಾಸ್ತಿ ನೆರವು ಬೇಕು ಎನ್ನಿಸಿದರೆ ಅವರು ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದೆಂದು ಹೇಳುತ್ತಾರೆ. ಲೈನ್ ಸಿಗದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ. 1800-891-4416 ಕೂಡ ಇದೇ ಸೇವೆಯ ನಂಬರು.

ಹಾಸ್ಟೆಲ್‌ನಲ್ಲಿ ಗೋಡೆಗೂ ಕಿವಿ. ಹಾಗಾಗಿ ಟೆರೇಸ್, ಕಾಲೇಜ್ ಮೈದಾನ, ದೇವಸ್ಥಾನದ ಕಟ್ಟೆ, ಎಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲವೋ ಅಲ್ಲಿಂದ ಮಾಡಿ. ಮನಸ್ಸು ತೀರಾ ಕೆಟ್ಟಿದ್ದರೆ ಟೆರೇಸ್‌ಗೆ ಒಬ್ಬರೇ ಹೋಗಬೇಡಿ. ಕೆಳಗೇ ಇರಿ, ಜನ ಇರುವ ಕಡೆ.

ಕೋಟಾ, ಪುಣೆ, ದೆಹಲಿಯಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೂ ಇದೇ ನಂಬರು. ಹೊರದೇಶಕ್ಕೆ ಹೋದವರಿಗೆ ಇದು ಸಿಗುವುದಿಲ್ಲ. ಅಮೆರಿಕದಲ್ಲಿದ್ದರೆ 988, ಬ್ರಿಟನ್ನಿನಲ್ಲಿದ್ದರೆ 116 123. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಆಪ್ತಸಮಾಲೋಚನೆಗೆಂದೇ ವಿಭಾಗ ಇರುವುದು ಸಾಮಾನ್ಯ. ಇಂಗ್ಲಿಷಿನಲ್ಲಿ ಅಳಲು ಬರುವುದಿಲ್ಲ ಎಂದು ಅಲ್ಲಿರುವ ನನ್ನ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ಅವಳು ಹಾಸನದಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಲು ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಹೊತ್ತು ನಿಗದಿ ಮಾಡಿಕೊಂಡಳು. ಅದರ ಜೊತೆಗೇ ಅಲ್ಲಿನ ಕೌನ್ಸೆಲರ್ ಹತ್ತಿರವೂ ಹೋದಳು.

ಹೆಜ್ಜೆ 8: ಆಸ್ಪತ್ರೆಗೆ ಹೋಗುವುದು

ಮೊದಲು ಯಾರು ಯಾರು ಎಂದು ತಿಳಿದುಕೊಳ್ಳಿ. ಮನೋವೈದ್ಯರು ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೆಯುವವರು ಇವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು. ದುಡ್ಡು ಕೊಟ್ಟು ಖಾಸಗಿ ಕಡೆ ಹೋಗುವುದಾದರೆ ನೋಂದಣಿ ನಂಬರ್ ಕೇಳಿ. ಬೋರ್ಡಿನಲ್ಲಿ ಲೈಫ್ ಕೋಚ್, ಮೈಂಡ್ ಹೀಲರ್ ಎಂದಿದ್ದರೆ ಏನು ಓದಿದ್ದಾರೆ ಎಂದು ಕೇಳದೆ ದುಡ್ಡು ಕಟ್ಟಬೇಡಿ.

ದುಡ್ಡಿಲ್ಲದವರಿಗೂ ದಾರಿ ಇದೆ. ಜಿಲ್ಲಾ ಆಸ್ಪತ್ರೆಗೆ ಹೋಗಿ, ಓಪಿ ಚೀಟಿ ಮಾಡಿಸುವಾಗ ‘ಮಾನಸಿಕ ವಿಭಾಗ’ ಎಂದು ಹೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅಲ್ಲಿರುತ್ತದೆ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುವ ಪದ್ಧತಿ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಡಾಕ್ಟರ್ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿದು ಹೇಳುತ್ತಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ.

ಆಸ್ಪತ್ರೆ ಎಂಬ ಹೆಸರೇ ಬೇಡ ಎನ್ನುವವರಿಗೆ ಯುವಸ್ಪಂದನ ಇದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಯುವಜನರಿಗೆಂದೇ ಮಾಡಿದ್ದು. ಇದರ ಕೇಂದ್ರಗಳನ್ನು ಜಿಲ್ಲಾ ಕ್ರೀಡಾಂಗಣಗಳಲ್ಲಿ ತೆರೆದರು. ಹೋಗುವ ಮೊದಲು ನಿಮ್ಮ ಜಿಲ್ಲೆಯ ಇಲಾಖೆ ಕಚೇರಿಯಲ್ಲಿ ಹೊತ್ತು ಕೇಳಿಕೊಳ್ಳಿ. ಕ್ರೀಡಾಂಗಣಕ್ಕೆ ಹೋದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ ಎಂಬುದು ನನಗೆ ತುಂಬಾ ಹಿಡಿಸಿದ ವಿಷಯ.

ಹೋಗುವಾಗ ಆಧಾರ್, ಇದ್ದರೆ ಬಿಪಿಎಲ್ ಕಾರ್ಡ್, ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಯ ಹಾಳೆ, ಒಂದು ಬಾಟಲಿ ನೀರು ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಬೇಕಾಗುತ್ತದೆ, ಅರ್ಧ ದಿನ ಇಟ್ಟುಕೊಂಡೇ ಹೋಗಿ. ಜೊತೆಗೆ ಒಬ್ಬರಿರಲಿ. ಡಾಕ್ಟರ್ ಮುಂದೆ ಕೂತಾಗ ಎಲ್ಲ ಮರೆತುಹೋಗುತ್ತದೆ, ಮೂರು ಸಾಲಿನ ಚೀಟಿ ಅಲ್ಲೂ ಕೆಲಸಕ್ಕೆ ಬರುತ್ತದೆ. ಮಾತ್ರೆ ಬರೆದರೆ ಎಷ್ಟು ದಿನ, ನಿದ್ದೆ ಜಾಸ್ತಿ ಬರುತ್ತದಾ, ಪರೀಕ್ಷೆ ಇದೆ ಏನು ಮಾಡಲಿ ಎಂದು ಕೇಳಿ. ಅವರು ಹೇಳದೆ ನಡುವೆ ನಿಲ್ಲಿಸಬೇಡಿ.

ಹೆಜ್ಜೆ 9: ಮೊದಲನೆಯವರು ಕೇಳಿಸಿಕೊಳ್ಳದಿದ್ದರೆ

ಇದು ಆಗುತ್ತದೆ. ನನಗೆ ಆಯಿತು. ‘ನಮ್ ಕಾಲದಲ್ಲಿ ಸೀಮೆಎಣ್ಣೆ ಬುಡ್ಡೀಲಿ ಓದ್ತಿದ್ವಿ’ ಎಂಬ ಭಾಷಣ ಬರಬಹುದು. ‘ಮೊಬೈಲ್ ಬಿಟ್ರೆ ಎಲ್ಲ ಸರಿ ಹೋಗತ್ತೆ’ ಎನ್ನಬಹುದು. ದೇವರಿಗೆ ಹರಕೆ ಕಟ್ಟಿಕೊಳ್ಳಬಹುದು. ಹರಕೆ ಕಟ್ಟಿಕೊಳ್ಳಲಿ, ಅದರ ಜೊತೆಗೇ ಡಾಕ್ಟರ್ ಹತ್ತಿರವೂ ಹೋಗೋಣ ಎನ್ನಿ. ಅಮ್ಮನ ನಂಬಿಕೆಯ ಜೊತೆ ಜಗಳಕ್ಕೆ ಇಳಿದರೆ ಇರುವ ಶಕ್ತಿಯೂ ಖಾಲಿ.

ನಾನು ಮಾಡಿದ ತಪ್ಪು ಎಂದರೆ ಒಬ್ಬರು ‘ಹೋಗಿ ಓದು’ ಅಂದದ್ದನ್ನು ಎಲ್ಲರ ಉತ್ತರ ಎಂದುಕೊಂಡಿದ್ದು. ಎರಡು ತಿಂಗಳು ಹೋಯಿತು. ನೀವು ಅದೇ ದಿನ ಪಟ್ಟಿಯ ಎರಡನೇ ಹೆಸರಿಗೆ ಹೋಗಿ. ಐದು ಹೆಸರು ಬರೆಯಿರಿ ಎಂದದ್ದು ಅದಕ್ಕೇ. ಕೌನ್ಸೆಲರ್ ವಿಷಯದಲ್ಲೂ ಅಷ್ಟೇ. ಇಬ್ಬರಿಗೂ ಹೊಂದಾಣಿಕೆ ಆಗಲು ಎರಡು ಮೂರು ಭೇಟಿ ಬೇಕಾಗಬಹುದು. ಆಮೇಲೂ ಆಗದಿದ್ದರೆ ಬೇರೆಯವರನ್ನು ಕೇಳಿ, ಅದರಲ್ಲಿ ಯಾರಿಗೂ ಅವಮಾನ ಇಲ್ಲ.

ಸ್ನೇಹಿತರು ನಿಮ್ಮ ಹತ್ತಿರ ಬಂದಾಗ

ಇದನ್ನು ಓದುತ್ತಿರುವವರಲ್ಲಿ ಕೆಲವರು ಬೇರೆಯವರ ಪಟ್ಟಿಯಲ್ಲಿ ಇರುತ್ತೀರಿ. ಗೆಳೆಯ ಬಂದು ‘ಮಾತಾಡ್ಬೇಕು’ ಎಂದರೆ ಮೊಬೈಲ್ ಜೇಬಿಗೆ ಹಾಕಿ. ಬುದ್ಧಿ ಹೇಳಬೇಡಿ, ನಿಮ್ಮ ಕಥೆ ಶುರು ಮಾಡಬೇಡಿ. ‘ಆಮೇಲೆ?’, ‘ಅವಾಗ ನಿಂಗೆ ಏನನ್ನಿಸ್ತು?’ ಎಂದಷ್ಟೇ ಕೇಳಿ. ಸಾಯುವ ಮಾತು ಸುಳಿದರೆ ನೇರವಾಗಿ ಕೇಳಿ: ‘ಸಾಯ್ಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದರೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಹೌದು ಎಂದರೆ ಜೊತೆಗೇ ಇರಿ, 14416ಕ್ಕೆ ಇಬ್ಬರೂ ಸೇರಿ ಫೋನ್ ಮಾಡಿ, ವಾರ್ಡನ್‌ಗೋ ಒಬ್ಬ ಲೆಕ್ಚರರ್‌ಗೋ ಹೇಳಿ. ‘ಯಾರಿಗೂ ಹೇಳ್ಬೇಡ’ ಎಂದು ಆಣೆ ಹಾಕಿಸಿದ್ದರೂ ಹೇಳಿ. ಅವನು ಕೋಪಿಸಿಕೊಳ್ಳಲಿ.

ಇಡೀ ಭಾರವನ್ನು ನೀವೊಬ್ಬರೇ ಹೊರಬೇಡಿ. ನಿಮ್ಮ ನಿದ್ದೆಯೂ ಹೋಗುತ್ತದೆ. ಕೇಳಿಸಿಕೊಂಡು, ಮುಂದಿನವರ ಹತ್ತಿರ ಕರೆದುಕೊಂಡು ಹೋಗಿ ಬಿಟ್ಟು, ಮರುದಿನ ಊಟದ ಹೊತ್ತಿಗೆ ಅವನ ತಟ್ಟೆ ನೋಡಿ.